ಮೌಂಟಿಗೆ ಹೋದ ತೀರ್ಪು

ಬೆರಿಲ್ ಸಗ್ಡನ್‌ಗೆ ಸಂಕೋಚ ಅನ್ನೋದು ಹುಟ್ಟಿನಿಂದಲೇ ಕಡಿಮೆ. ಲೀಡ್ಸಿನ ಹಾರ್ಲೋ ಬೀದಿಗಳ ಮೂಲೆಯ ಮೀನು-ಚಿಪ್ಸ್ ಅಂಗಡಿಯಲ್ಲಿ ಬಾಣಲೆ ಮುಂದೆ ನಿಂತೇ ಆಕೆ ಅರ್ಧ ಆಯುಷ್ಯ ಕಳೆದವಳು. ಬಂದವರು ಪಾದ್ರಿಯಾಗಲಿ ಪೊಲೀಸಾಗಲಿ, "ಏನಪ್ಪಾ ರಾಜಾ, ವಿನಿಗರ್ ಜಾಸ್ತಿ ಹಾಕ್ಲಾ?" ಅಂತಲೇ ಕೇಳೋದು. ಅಂಗಡಿಯ ಯಜಮಾನ ವಯಸ್ಸಾಯಿತು ಅಂತ ಕೈಬಿಡುವಾಗ, "ನೀನೇ ನಡೆಸ್ಕೊಂಡು ಹೋಗು ಬೆರಿಲ್" ಅಂದ. ಅವತ್ತು ಆಕೆ ಮನೆಗೆ ನಡೆದು ಬರಲಿಲ್ಲ, ತೇಲಿಕೊಂಡು ಬಂದಳು.

ಆ ಖುಷಿಗೆ ಕಲ್ಲು ಹಾಕಿದವನು ಕಟ್ಟಡದ ಮಾಲೀಕರ ಏಜೆಂಟ್. ಬಾಡಿಗೆ ಕರಾರಿಗೆ ಮುಂಚೆ ಎಲ್ಲರದ್ದೂ ಜಾತಕ ಜಾಲಾಡುವುದು ಅವರ ಪದ್ಧತಿ.

"ಮಿಸೆಸ್ ಸಗ್ಡನ್, ನಿಮ್ಮ ಮೇಲೆ ಸಾಲದ ಕೋರ್ಟ್ ತೀರ್ಪಿದೆಯಲ್ಲ?"

"ನನ್ನ ಮೇಲಾ? ನಾನು ಕೋರ್ಟಿನ ಬಾಗಿಲೇ ನೋಡಿಲ್ಲ ಕಣಪ್ಪಾ!"

"ಅದಕ್ಕೇ ತೀರ್ಪಾಗಿರೋದು," ಅಂದ ಆ ಪುಣ್ಯಾತ್ಮ. ತಿಂಗಳ ಕೊನೆಯೊಳಗೆ ಅದು ರದ್ದಾಗದಿದ್ದರೆ ಅಂಗಡಿ ಅದಕ್ಕಾಗಿ ಕಾದು ಕೂತಿರುವ ಒಬ್ಬ ಮೊಬೈಲ್ ರಿಪೇರಿಯವನ ಪಾಲು ಅಂತಲೂ ಹೇಳಿದ.

ಕೋರ್ಟಿಗೆ ಫೋನ್ ಮಾಡಿ, ಅರ್ಧ ದಿನ ಅವರ ಸಂಗೀತ ಕೇಳಿ, ಕೊನೆಗೆ ತೀರ್ಪಿನ ಪ್ರತಿ ತರಿಸಿಕೊಂಡಳು. ವಿಷಯ ಒಂದು ಸೋಫಾ. ಮುರುಕಲು ಬಂತು ಅಂತ ಆಕೆ ಯಾವತ್ತೋ ವಾಪಸು ಕಳಿಸಿದ್ದ ಸೋಫಾ! ಸೋಫಾ ಅಂಗಡಿಯವರು ಕಂತು ಬಾಕಿ ಅಂತ ದಾವೆ ಹೂಡಿದ್ದರು. ಹೂಡಲಿ, ಬೇಡ ಅಂದವರ್ಯಾರು? ಆದರೆ ವಿಳಾಸದಲ್ಲಿ ಆಕೆಯ ಮನೆಯಿರುವ ಹದಿನೇಳು, ಹಾರ್ಲೋ ಗ್ರೋವ್ ಬದಲು ಹದಿನೇಳು, ಹಾರ್ಲೋ ಮೌಂಟ್ ಅಂತ ಬರೆದಿದ್ದರು. ಆ ಕಡೆ ಬೀದಿಗಳನ್ನು ಕಟ್ಟಿದ ಮಹಾನುಭಾವನಿಗೆ ಹೆಸರಿನ ಬರ ಬಂದಿತ್ತೋ ಏನೋ. ಹಾರ್ಲೋ ಗ್ರೋವ್, ಹಾರ್ಲೋ ಮೌಂಟ್, ಹಾರ್ಲೋ ಟೆರೇಸ್, ಎಲ್ಲ ಒಂದೇ ಇಟ್ಟಿಗೆ, ಒಂದೇ ಬಾಗಿಲು, ಎಲ್ಲದರಲ್ಲೂ ಒಂದು ಹದಿನೇಳನೇ ನಂಬರು.

ಮೌಂಟಿನ ಹದಿನೇಳರಲ್ಲಿ ಇದ್ದವರು ಮಿಸ್ಟರ್ ಬೂತ್ರಾಯ್ಡ್. ನಿವೃತ್ತ ಬಸ್ ಡ್ರೈವರ್, ಒಂಟಿ ಜೀವ, ಪ್ರತಿ ಶುಕ್ರವಾರದ ಗಿರಾಕಿ. ಬೆರಿಲ್ ಹಿತ್ತಲ ಓಣಿ ದಾಟಿ ಹೋಗಿ ಬಾಗಿಲು ಬಡಿದಳು. ಆಕೆಯನ್ನು ನೋಡಿದ್ದೇ ತಡ, ಅವರ ಕಿವಿ ಕೆಂಪಾಯಿತು. ಒಳಗೆ ಹೋಗಿ ಗಡಿಯಾರದ ಹಿಂದಿನಿಂದ ಕವರುಗಳ ಕಂತೆ ತಂದರು.

"ನೋಡಿ ಮಿಸೆಸ್ ಸಗ್ಡನ್, ಒಂದನ್ನೂ ಒಡೆದಿಲ್ಲ," ಅಂದರು ಹೆಮ್ಮೆಯಿಂದ.

"ಒಡೆದಿದ್ರೇ ಚೆನ್ನಾಗಿತ್ತಲ್ರೀ! ಎರಡು ಹೆಜ್ಜೆ ದಾಟಿ ಕೊಡೋಕೇನಾಗಿತ್ತು ನಿಮಗೆ?"

"ಅದು... ಮೇಲೆ ಕೆಂಪಕ್ಷರ ಇತ್ತು," ಅಂದು ಚಪ್ಪಲಿ ನೋಡಿಕೊಂಡರು.

ಸಾಲದ ನೋಟೀಸಿನ ಕೆಂಪಕ್ಷರ, ಅಷ್ಟೇ ಉತ್ತರ. ಬೆರಿಲ್‌ಗೆ ಮೈಯೆಲ್ಲ ಉರಿದುಹೋಯಿತು. ಆದರೂ ಸಾಕ್ಷಿ ಬೇಕಲ್ಲ, ನುಂಗಿಕೊಂಡಳು. ತೀರ್ಪು ರದ್ದು ಮಾಡಿ ಅಂತ ಅರ್ಜಿ ಹಾಕಿ ಶುಲ್ಕ ಕಟ್ಟಿ, ಅವರನ್ನು ದೂಡಿಕೊಂಡೇ ಕೋರ್ಟಿಗೆ ಹೊರಟಳು. ಅವರು ಮದುವೆಗೂ ಮಸಣಕ್ಕೂ ಒಂದೇ ಅಂತ ಇಟ್ಟುಕೊಂಡಿದ್ದ ಕೋಟು ಹಾಕಿಕೊಂಡು ಬಂದಿದ್ದರು.

ಕೋರ್ಟು ಅಂದರೆ ಏನೋ ಭಾರಿ ಅಂದುಕೊಂಡಿದ್ದಳು. ನೋಡಿದರೆ ದಂತವೈದ್ಯರ ಕೋಣೆಯಂಥದ್ದು. ಉದ್ದನೆ ಮೇಜು, ಆಚೆ ಸ್ವೆಟರ್ ಹಾಕಿದ ಜಡ್ಜಮ್ಮ, ಈಚೆ ಸೋಫಾದವರ ಕಡೆಯ ಎಳೆ ವಕೀಲ.

"ಕಾಗದ ಬಂದಿರಬಹುದು, ಈಕೆ ಬೇಕಂತಲೇ ಸುಮ್ಮನಿದ್ದಿರಬಹುದು," ಅಂತ ವಕೀಲ ರಾಗ ಎಳೆದ.

ಜಡ್ಜಮ್ಮ ಬೂತ್ರಾಯ್ಡ್ ಕಡೆ ತಿರುಗಿದರು. "ಈಕೆ ಯಾರು ಅಂತ ನಿಮಗೆ ಗೊತ್ತಿತ್ತು. ಮತ್ತೆ ಯಾಕೆ ಕೊಡಲಿಲ್ಲ?"

ಅವರ ಪಾಲಿಗೆ ನೆರೆಹೊರೆಯವರ ದುಡ್ಡಿನ ಮಾತಾಡುವುದೂ ಬೀದಿಯಲ್ಲಿ ಪ್ಯಾಂಟು ಬಿಚ್ಚುವುದೂ ಒಂದೇ. ಬೆರಿಲ್ ಅವರನ್ನೇ ದುರುಗುಟ್ಟಿಕೊಂಡು ನೋಡಿದಳು. ಈ ಮನುಷ್ಯ ಈಗಲೂ ಚಪ್ಪಲಿ ನೋಡಿಕೊಂಡು ನಿಂತರೆ ಅಂಗಡಿ ಹೋದ ಹಾಗೇ.

"ಕೊಟ್ರೆ, ಆಕೆಗೆ ಸಾಲ ಇದೆ ಅಂತ ನನಗೆ ಗೊತ್ತಾಯ್ತು ಅಂತ ಆಕೆಗೆ ಗೊತ್ತಾಗುತ್ತೆ ಮೇಡಂ," ಅಂದರು ಕೊನೆಗೆ. "ಆಮೇಲೆ ಯಾವ ಮುಖ ಇಟ್ಕೊಂಡು ಹೋಗಿ ಮೀನು ಕೇಳ್ಲಿ?"

"ಈ ವಿಳಾಸದಲ್ಲಿಲ್ಲ ಅಂತ ಬರೆದು ಟಪಾಲು ಡಬ್ಬಿಗೆ ಹಾಕಬಹುದಿತ್ತಲ್ಲ?"

"ಹಾಕಿದ್ರೆ ಪೋಸ್ಟ್‌ಮ್ಯಾನ್‌ಗೂ ಗೊತ್ತಾಗ್ತಿತ್ತಲ್ಲ ಮೇಡಂ!"

ಜಡ್ಜಮ್ಮ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದರು. ಒಂದನ್ನೂ ಒಡೆಯದ ಕವರುಗಳನ್ನು ತಿರುಗಿಸಿ ನೋಡಿದರು, ಸೋಫಾ ವಾಪಸು ಪಡೆದ ರಸೀದಿ ನೋಡಿದರು, ಎಳೆ ವಕೀಲನನ್ನೂ ಒಂದು ಸಲ ನೋಡಿದರು. ತೀರ್ಪು ರದ್ದಾಯಿತು. ಇನ್ನು ಈ ದಾವೆ ಮುಂದುವರಿಸುವುದಿಲ್ಲ ಅಂತ ವಕೀಲ ಗೊಣಗಿದ.

ಹೊರಗೆ ಬಸ್‌ಸ್ಟಾಪಿನಲ್ಲಿ ಬೆರಿಲ್ ಮೊದಲು ಅತ್ತಳು, ಆಮೇಲೆ ಬೈದಳು.

"ಅಂಗಡಿ ಉಳೀತು, ದೇವರು ದೊಡ್ಡವನು. ಆದ್ರೆ ನಿಮ್ಮ ಈ ಮರ್ಯಾದೆ ಇದೆಯಲ್ಲ, ಅದಕ್ಕೆ ಬೆಂಕಿ ಹಾಕ! ನನ್ನ ಗಂಡ ಸತ್ತಾಗಲೂ ಹೀಗೇ ಮಾಡಿದ್ರಿ. ನೀವೊಬ್ರೇ ಅಲ್ಲ, ಇಡೀ ಬೀದಿ. ನೋವಾಗುತ್ತೆ, ಮಾತಾಡಿಸಬಾರ್ದು ಅಂತ ಆಚೆ ಫುಟ್‌ಪಾತಿಗೆ ದಾಟ್ಕೊಂಡು ಹೋದ್ರಿ. ಕಿಟಕಿಯಿಂದ ಎಲ್ಲಾ ಕಾಣ್ತಿತ್ತು ನಂಗೆ. ಒಬ್ರಾದ್ರೂ ಬಾಗಿಲು ತಟ್ಟಲಿ ಅಂತ ಕಾಯ್ತಾ ಕೂತಿದ್ದೆ ಕಣ್ರೀ."

ಬಸ್ಸೊಂದು ಬಂತು, ಬೂತ್ರಾಯ್ಡ್ ಹತ್ತಲಿಲ್ಲ.

"ಬಂದಿದ್ದೆ," ಅಂದರು. "ಗೇಟಿನವರೆಗೂ ಬಂದಿದ್ದೆ. ತಟ್ಟಿದ್ಮೇಲೆ ಏನು ಹೇಳಬೇಕು ಅಂತ ಹೊಳೀಲಿಲ್ಲ."

ಬೆರಿಲ್ ಮೂಗು ಒರೆಸಿಕೊಂಡು ಅವರ ಕೋಟಿನ ತೋಳು ಹಿಡಿದಳು.

"ಏನೂ ಹೇಳ್ಬೇಕಾಗಿರಲಿಲ್ಲ. ಒಳಗೆ ಬಂದು ಕೂತಿದ್ರೆ ಸಾಕಿತ್ತು."