ತೋಟೆಯ ಬುಡದ ಹೊಳೆವ ಗೆರೆ

ಅಕ್ಟೋಬರ್ ತಿಂಗಳ ಎರಡನೇ ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಅಡುಗೆಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ಅವಳು ನವರಾತ್ರಿಗೆಂದು ಹಿತ್ತಾಳೆಯ ತಂಬಿಗೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಒದ್ದೆ ಹಿತ್ತಾಳೆ ಮತ್ತು ಹುಣಸೆ ಸೇರಿದ ಆ ವಾಸನೆ ಮೂಗಿಗೆ ಬಂದಾಗ ನನಗೆ ನೆನಪಾದದ್ದು ದೇವರ ಮನೆಯಲ್ಲ, ಪಕ್ಕದ ಮನೆಯ ಗ್ಯಾರೇಜು.

ತೊಂಬತ್ತರ ದಶಕದ ಮೊದಲಲ್ಲಿ ನಾವು ಊರು ಬಿಟ್ಟು ಕಡಲಾಚೆಯ ಈ ದೇಶಕ್ಕೆ, ಸ್ಟ್ರೀಟ್ಸ್‌ವಿಲ್‌ನ ಈ ಬೀದಿಗೆ ಬಂದಾಗ ಪಕ್ಕದಲ್ಲಿ ಕನ್ನಡ ಕೇಳಿಸಿದ್ದು ನಮ್ಮ ಪುಣ್ಯ. ಆ ಮನೆಯ ಯಜಮಾನರು ಕೊಡಗಿನವರು. ಇಲ್ಲಿಯ ನಗರ ಸಾರಿಗೆ ಬಸ್ಸುಗಳ ಎಂಜಿನ್ ರಿಪೇರಿ ಮಾಡುವ ಕೆಲಸದಲ್ಲಿದ್ದರು. ಕೋವಿ ಅವರಿಗೆ ಹವ್ಯಾಸವಲ್ಲ, ಮನೆಯ ಮರ್ಯಾದೆ. ಲೈಸೆನ್ಸು, ಬೀಗದ ಕಪಾಟು ಎಲ್ಲ ಕಾಯ್ದೆ ಪ್ರಕಾರ ಇಟ್ಟುಕೊಂಡು, ಭಾನುವಾರಗಳಂದು ಉತ್ತರಕ್ಕಿರುವ ಒಂದು ರೈಫಲ್ ಕ್ಲಬ್ಬಿಗೆ ಗುರಿ ಹೊಡೆಯಲು ಹೋಗುತ್ತಿದ್ದರು. ಜೊತೆಗೆ ಅವರ ಹೆಂಡತಿಯ ತಮ್ಮ, ಒಶಾವಾ ಎಂಬ ದೂರದ ಊರಿನ ಕಾರು ಕಾರ್ಖಾನೆಯಲ್ಲಿದ್ದವರು. ಈ ದೇಶದಲ್ಲಿ ಅವರಿಗಿದ್ದ ನೆಂಟಸ್ತಿಕೆ ಅದೊಂದೇ. ಮಕ್ಕಳಿರಲಿಲ್ಲ.

ನಾನು ಸೇನೆಯ ಶಸ್ತ್ರ ದುರಸ್ತಿ ವರ್ಕ್‌ಶಾಪಿನಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು. ಅಲ್ಲಿ ಕಲಿತ ಪಾಠ ಒಂದೇ: ಹೇಳಿದ್ದನ್ನು ನಂಬಬೇಡ, ಅಳೆದು ನೋಡು. ಇಲ್ಲಿಯೂ ಲೋಹದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ತಪಾಸಣೆ ಕೆಲಸ ಸಿಕ್ಕಿತು. ಆದ್ದರಿಂದ ಯಜಮಾನರ ಗ್ಯಾರೇಜು ನನಗೆ ಹೊಸ ಜಾಗ ಅನ್ನಿಸಲಿಲ್ಲ. ಗುಂಡು ಹಾರಿಸಿ ಖಾಲಿಯಾದ ತೋಟೆಯ ಹಿತ್ತಾಳೆ ಕೇಸನ್ನು, ಅಂದರೆ ಹೊರಕವಚವನ್ನು, ಅವರು ಬಿಸಾಡುತ್ತಿರಲಿಲ್ಲ. ತೊಳೆದು, ಆಕಾರಕ್ಕೆ ತಂದು, ಮತ್ತೆ ಮದ್ದು ತುಂಬುತ್ತಿದ್ದರು. ಕ್ಲಬ್ಬಿನ ಉಳಿದವರು ಕೇಸುಗಳನ್ನು ಯಂತ್ರಕ್ಕೆ ಹಾಕಿ ಉಜ್ಜಿಸಿದರೆ ಇವರು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹುಣಸೆ ನೀರು ಕದಡುತ್ತಿದ್ದರು.

“ನಮ್ಮಜ್ಜಿ ಬಿಂದಿಗೆ ತೊಳೀತಿದ್ದಿದ್ದು ಇದ್ರಲ್ಲೇ ಹವಾಲ್ದಾರ್ರೆ. ಯಾವತ್ತಾದ್ರೂ ಬಿಂದಿಗೆ ಸಿಡೀತಾ?”

“ನಿಮ್ಮಜ್ಜಿ ಬಿಂದಿಗೆಗೆ ಮದ್ದು ತುಂಬ್ತಿರ್ಲಿಲ್ಲ ಯಜಮಾನ್ರೆ.”

ಆಗ ಅವರು ನಕ್ಕ ನಗು... ಆಮೇಲಾಮೇಲೆ ಅದು ಅಪರೂಪವಾಯಿತು.

ಹಿತ್ತಾಳೆ ಕೇಸು ಸುಮ್ಮನೆ ಇದ್ದ ಹಾಗೇ ಇರುವ ವಸ್ತುವಲ್ಲ. ಗುಂಡು ಹಾರಿದಾಗ ಒಳಗಿನ ಒತ್ತಡಕ್ಕೆ ಅದು ಉಬ್ಬಿ, ತಾನು ಕೂತ ಕೋವಿಯ ಗೂಡಿನ ಗೋಡೆಗೆ ಅಂಟುತ್ತದೆ. ಮತ್ತೆ ಬಳಸಬೇಕಾದರೆ ಪ್ರೆಸ್ಸಿನಲ್ಲಿ ಉಕ್ಕಿನ ಅಚ್ಚಿಗೆ, ಅಂದರೆ ಡೈಗೆ, ತುರುಕಿ ಹಿಸುಕಬೇಕು. ಹಿಸುಕಿದ ಹಿತ್ತಾಳೆ ಎಲ್ಲಿಗೆ ಹೋಗಬೇಕು? ಗುಂಡು ಕೂರುವ ಕತ್ತಿನ ಕಡೆ ಹರಿಯುತ್ತದೆ, ಕೇಸು ಉದ್ದವಾಗುತ್ತದೆ. ಹೆಚ್ಚಾದ ಉದ್ದವನ್ನು ಕತ್ತರಿಸಬೇಕು. ಹೀಗೆ ಉಬ್ಬಿ, ಹಿಸುಕಿಸಿಕೊಂಡು, ಉದ್ದವಾಗಿ ಒಂದು ದಿನ ಅದು ದಣಿಯುತ್ತದೆ. ದಣಿದದ್ದಕ್ಕೆ ಗುರುತು, ಬುಡದ ಸ್ವಲ್ಪ ಮೇಲೆ ಸುತ್ತಲೂ ಕಾಣುವ ಹೊಳೆವ ಗೆರೆ. ಅಲ್ಲಿ ಒಳಗೋಡೆ ತೆಳ್ಳಗಾಗಿರುತ್ತದೆ. ಆ ಕೇಸನ್ನು ಇನ್ನೊಮ್ಮೆ ಹಾರಿಸಿದರೆ ಎರಡು ತುಂಡಾಗಬಹುದು. ಬಿಸಿ ಗಾಳಿ ಹಿಂದಕ್ಕೆ ನುಗ್ಗಿದರೆ ಕಣ್ಣಿಗೇ ಅಪಾಯ.

ಒಂದು ಬೇಸಿಗೆಯಲ್ಲಿ ಅದೇ ಆಯಿತು. ಯಜಮಾನರ ತೋಟೆ ಬುಡದಲ್ಲಿ ಹರಿದು ಅರ್ಧ ಕೋವಿಯೊಳಗೇ ಉಳಿಯಿತು. ಕನ್ನಡಕವಿತ್ತು, ಕಣ್ಣು ಉಳಿಯಿತು. ಮಾರನೆಯ ಸಂಜೆ ಅವರು ನನ್ನನ್ನು ಗ್ಯಾರೇಜಿಗೆ ಕರೆದು ಬಾಗಿಲು ಎಳೆದುಕೊಂಡರು.

“ಈ ಕೇಸುಗಳು ಹೊಸವು. ಇಷ್ಟು ಬೇಗ ಗೆರೆ ಬರೋ ಹಂಗೇ ಇಲ್ಲ. ಯಾರೋ ಬದಲಾಯಿಸಿದಾರೆ.”

“ಯಾರು ಬದಲಾಯಿಸ್ತಾರೆ?”

“ನೆಲದಿಂದ ಹೆಕ್ಕೋದು ಯಾರು? ಚೀಲ ಹೊರೋದು ಯಾರು?”

ಯಜಮಾನರಿಗೆ ಮೊಣಕಾಲು ನೋವು. ಬಗ್ಗಿ ಕೇಸು ಹೆಕ್ಕುತ್ತಿದ್ದವರು ಭಾಮೈದ. ಆತನ ರೈಫಲ್ಲೂ ಅದೇ ಅಳತೆಯ ತೋಟೆ ತಿನ್ನುವಂಥದ್ದು. ಆಗಷ್ಟೇ ಆತನೂ ಮನೆಯಲ್ಲಿ ಮದ್ದು ತುಂಬಲು ಶುರುಮಾಡಿದ್ದರು. ತನ್ನ ದಣಿದ ಕೇಸು ಭಾವನ ಚೀಲಕ್ಕೆ, ಭಾವನ ಹೊಸ ಕೇಸು ತನ್ನ ಚೀಲಕ್ಕೆ... ಲೆಕ್ಕ ಕೂಡುತ್ತಿತ್ತು. ನಾನೂ ಒಂದು ಕ್ಷಣ ಹೌದೇನೋ ಅಂದುಕೊಂಡೆ. ಮುಖ ನೋಡಿ ಯಾರನ್ನೂ ಅನುಮಾನದಿಂದ ಬಿಟ್ಟುಬಿಡುವುದು ನನ್ನ ಕೆಲಸದಲ್ಲಿ ಇರಲಿಲ್ಲ.

ಗುರುತು ಹಾಕಿ ನೋಡಿ ಎಂದೆ. ಅವರು ಹೆಂಡತಿಯ ನೇಲ್ ಪಾಲಿಷ್ ತಂದು ಹೊಸ ಕೇಸುಗಳ ಬುಡಕ್ಕೆ ಕೆಂಪು ಚುಕ್ಕೆ ಇಟ್ಟರು. ಆ ಬೇಸಿಗೆಯಿಡೀ ಭಾನುವಾರ ಸಂಜೆ ಚೀಲ ಬಿಚ್ಚಿ ಚುಕ್ಕೆ ನೋಡುವುದೇ ಕೆಲಸ. ಚುಕ್ಕೆ ಒಂದೂ ತಪ್ಪಲಿಲ್ಲ. ಹೋದ ಕೇಸುಗಳೇ ವಾಪಸು ಬಂದವು. ಆದರೆ ಚಳಿ ಶುರುವಾಗುವಷ್ಟರಲ್ಲಿ ಅವುಗಳ ಬುಡದಲ್ಲೂ ಗೆರೆ ಮೂಡಿತು. ಕೇಸು ಬದಲಾಗಿಲ್ಲ, ಅನುಮಾನ ಇಲ್ಲಿಗೆ ಮುಗಿಯಿತು ಎಂದು ನಾನು ಎಣಿಸಿದೆ. ಯಜಮಾನರು ಮೀಸೆ ತಿರುವಿದರು.

“ಚುಕ್ಕೆ ಅವನೂ ಇಡಬಹುದಲ್ಲ? ಅವನ ಹೆಂಡ್ತೀನೂ ಇದೇ ಕೆಂಪು ಹಚ್ಕೊಳೋದು.”

ಒಳಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಅವರ ಹೆಂಡತಿಗೆ ಇದು ಕೇಳಿಸಿತು. ನಾವು ಅವರನ್ನು ಅಕ್ಕ ಎನ್ನುತ್ತಿದ್ದೆವು.

“ನನ್ನ ತಮ್ಮ, ಅವನ ಹೆಂಡ್ತಿ ಕೂತ್ಕೊಂಡು ನಿಮ್ ತೋಟೆಗೆ ಬಣ್ಣ ಹಚ್ತಿದಾರಾ? ಅವರಿಗೆ ಅವರ ಕಾಲುಗುರಿಗೆ ಹಚ್ಚೋಕೇ ಪುರುಸೊತ್ತಿಲ್ಲ!” ಎಂದು ಲೋಟ ಕುಕ್ಕಿ ಹೋದರು.

ಆ ವಾರವೇ ಭಾಮೈದನಿಗೆ ಫೋನ್ ಹೋಯಿತು. ಏನು ಹೇಳಿದರೋ ನಾನು ಕೇಳಲಿಲ್ಲ. ಮರುವಾರದಿಂದ ಆತನ ಕಾರು ನಮ್ಮ ಬೀದಿಗೆ ಬರಲಿಲ್ಲ. ಹುತ್ತರಿ ಹಬ್ಬದ ಊಟಕ್ಕೂ ಬರಲಿಲ್ಲ. ಅಕ್ಕ ತಮ್ಮನನ್ನು ನೋಡಬೇಕಾದರೆ ಒಬ್ಬರೇ ಗೋ ಟ್ರೈನ್ ಎಂಬ ಲೋಕಲ್ ರೈಲು ಹತ್ತಿ ಒಶಾವಾಕ್ಕೆ ಹೋಗಬೇಕಾಯಿತು.

ನನಗೆ ಸಮಾಧಾನವಿರಲಿಲ್ಲ. ಅಳೆಯದೇ ಬಿಟ್ಟದ್ದು ಏನೋ ಒಂದಿದೆ ಎಂಬ ಅನುಮಾನ. ಯಜಮಾನರ ಒಪ್ಪಿಗೆ ಪಡೆದು, ಅವರ ಎದುರಿಗೇ, ಆಗಷ್ಟೇ ಹಾರಿಸಿದ ಅವರ ಕೇಸೊಂದನ್ನು ತೆಗೆದುಕೊಂಡೆ. ಕೇಸು ಕತ್ತಿಗೆ ಕಿರಿದಾಗುವ ಕಡೆ, ಅದರ ಹೆಗಲ ಮೇಲೆ ಕೂರುವಂಥ ಚಿಕ್ಕ ಉಕ್ಕಿನ ಕೊಳವೆಯನ್ನು ನಮ್ಮ ಕಾರ್ಖಾನೆಯಲ್ಲಿ ಮಾಡಿಸಿ ತಂದಿದ್ದೆ. ಬುಡದಿಂದ ಹೆಗಲವರೆಗೆ ವರ್ನಿಯರ್ ಮಾಪಕದಲ್ಲಿ ಅಳೆದೆ. ಆಮೇಲೆ ಅದನ್ನೇ ಅವರ ಕೈಯಿಂದ ಡೈಯಲ್ಲಿ ಹಿಸುಕಿಸಿ ಮತ್ತೆ ಅಳೆದೆ. ಹೆಗಲು ಕೂದಲೆಳೆಯಷ್ಟು ಹಿಂದೆ ಸರಿದರೆ ಸಾಕು. ಇದು ಉಗುರಿನ ದಪ್ಪದಷ್ಟು ಹಿಂದೆ ಹೋಗಿತ್ತು.

ಬಸ್ಸಿನ ಬೋಲ್ಟು ಬಿಗಿದು ಪಳಗಿದ ಕೈ ಅವರದು. ಡೈಯನ್ನು ಇನ್ನು ತಿರುಗದು ಎನ್ನುವವರೆಗೆ ಕೆಳಕ್ಕೆ ಬಿಗಿದಿದ್ದರು. ಅದರಿಂದ ಹೆಗಲು ಪ್ರತಿ ಸಲವೂ ಬೇಕಾದ್ದಕ್ಕಿಂತ ತಗ್ಗಾಗಿ, ಕೇಸು ಕೋವಿಯಲ್ಲಿ ಸಡಿಲವಾಗಿ ಕೂರುತ್ತಿತ್ತು. ಹಾರಿದಾಗ ಆ ಸಂದನ್ನು ತುಂಬಲು ಬುಡದ ಹತ್ತಿರ ಎಳೆದುಕೊಳ್ಳುತ್ತಿತ್ತು. ಮತ್ತೆ ಹಿಸುಕು, ಮತ್ತೆ ಎಳೆತ. ಹೊಸ ಕೇಸಿಗೂ ಬೇಗ ಗೆರೆ ಬೀಳಲು ಕಾರಣ ಅದು. ತುದಿ ಬಗ್ಗಿಸಿದ ತಂತಿಯನ್ನು ಕೇಸಿನೊಳಗೆ ಇಳಿಸಿ ಗೋಡೆಗೆ ತಾಗಿಸಿ ಎಳೆದರೆ, ಬುಡದ ಹತ್ತಿರ ಅದು ಹಳ್ಳಕ್ಕೆ ಬಿದ್ದು ತಡೆಯುತ್ತಿತ್ತು. ಅದನ್ನೂ ಅವರ ಕೈಗೇ ಕೊಟ್ಟು ತೋರಿಸಿದೆ.

“ಡೈ ಸ್ವಲ್ಪ ಮೇಲೆತ್ತಿ ಯಜಮಾನ್ರೆ. ಯಾರೂ ಏನೂ ಬದಲಾಯಿಸಿಲ್ಲ.”

ಅವರು ತಂತಿಯನ್ನು ಇಳಿಸಿದರು, ಎಳೆದರು, ಮತ್ತೆ ಇಳಿಸಿದರು. ಮುಖ ಎತ್ತಲಿಲ್ಲ.

“ಒಶಾವಾದಿಂದ ನಿಮಗೂ ಫೋನ್ ಬಂತಾ?”

ಸೇನೆಯಲ್ಲಿ ಇದಕ್ಕಿಂತ ಕೆಟ್ಟ ಮಾತು ಕೇಳಿದ್ದೇನೆ. ವರ್ನಿಯರನ್ನು ಪೆಟ್ಟಿಗೆಗೆ ಹಾಕಿಕೊಂಡು ಬಂದೆ. ಕೊಳವೆ ಅಲ್ಲೇ ಉಳಿಯಿತು.

ಅಂದಿನಿಂದ ಆ ಗ್ಯಾರೇಜಿನ ಬಾಗಿಲು ನನಗೆ ತೆರೆಯಲಿಲ್ಲ. ಬೇಲಿಯ ಆಚೆಯಿಂದ ನಮಸ್ಕಾರ, ಹಿಮದ ಮಾತು, ಅಷ್ಟೇ. ಭಾನುವಾರ ಬೆಳಿಗ್ಗೆ ಅವರು ಒಬ್ಬರೇ ಕಾರು ಹತ್ತುತ್ತಿದ್ದರು. ಮೊಣಕಾಲಿನ ಆ ಸ್ಥಿತಿಯಲ್ಲಿ ನೆಲದಿಂದ ಹೇಗೆ ಹೆಕ್ಕುತ್ತಿದ್ದರೋ... ಹೀಗೆ ವರ್ಷಗಳು ಕಳೆದವು. ಹೊಸ ಶತಮಾನ ಬಂದಿತ್ತು. ಒಂದು ಫೆಬ್ರವರಿಯಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು.

ಕರ್ಮಗಳೆಲ್ಲ ಮುಗಿದ ಮೇಲೆ, ಕೋವಿಯನ್ನು ಕಾಯ್ದೆಯಂತೆ ತಮ್ಮನ ಹೆಸರಿಗೆ ಮಾಡಿಸಿದ ಅಕ್ಕ, ಗ್ಯಾರೇಜಿನ ಸಾಮಾನು ತೆಗೆಯಲು ನನ್ನನ್ನೂ ತಮ್ಮನನ್ನೂ ಕರೆದರು. ಪ್ರೆಸ್ಸಿನ ಬೋಲ್ಟು ಬಿಚ್ಚುವ ಮೊದಲು ಅಭ್ಯಾಸಬಲದಿಂದ ಹಿಡಿಕೆ ಎಳೆದು ನೋಡಿದೆ. ಡೈ ತಳಕ್ಕೆ ತಾಗಲಿಲ್ಲ. ಕೆಳಗೆ ಬೆಳಕು ಕಾಣುವಷ್ಟು ಸಂದು ಬಿಟ್ಟು ಅದನ್ನು ಬಿಗಿಮಾಡಲಾಗಿತ್ತು. ಪಕ್ಕದಲ್ಲಿ ನನ್ನ ಕೊಳವೆ, ಕೈಯಾಡಿ ಆಡಿ ನುಣುಪಾಗಿತ್ತು. ತಟ್ಟೆಯಲ್ಲಿದ್ದ ಕೇಸುಗಳು ಎಷ್ಟೋ ಸಲ ಹಾರಿದವು ಎಂದು ಬುಡ ನೋಡಿದರೇ ತಿಳಿಯುತ್ತಿತ್ತು. ಆಮೇಲೆ ಕೊಂಡ ಆ ಕೇಸುಗಳಿಗೂ ಇಟ್ಟಿದ್ದ ಕೆಂಪು ಚುಕ್ಕೆಗಳು ಮಾಸಿದ್ದವು. ಗೆರೆ ಒಂದರಲ್ಲೂ ಇರಲಿಲ್ಲ. ತಂತಿ ಇಳಿಸಿದೆ. ಎಲ್ಲೂ ತಡೆಯಲಿಲ್ಲ.

ಭಾಮೈದ ನೋಡುತ್ತ ನಿಂತಿದ್ದರು. ಮುಚ್ಚಿಡುವ ಕಾರಣ ನನಗೆ ಕಾಣಲಿಲ್ಲ. ಕೊಳವೆ ಇಟ್ಟು, ಅಳೆದು, ಅಂದು ಏನಾಗಿತ್ತು, ಈಗ ಏನಿದೆ ಎಂದು ಎರಡನ್ನೂ ಹೇಳಿದೆ.

“ಹಂಗಾದ್ರೆ ಭಾವಂಗೆ ಗೊತ್ತಾಗಿತ್ತು” ಎಂದರು.

“ಗೊತ್ತಾಗಿತ್ತು.”

“ಯಾವಾಗ?”

“ಕೇಸು ನೋಡಿದ್ರೆ, ವರ್ಷಗಳೇ ಆಗಿರ್ಬೇಕು.”

ಆತ ಒಂದು ಕೇಸನ್ನು ಅಂಗೈಯಲ್ಲಿ ಹೊರಳಿಸಿದರು.

“ಒಂದು ಫೋನ್ ಮಾಡ್ಬೋದಿತ್ತು. ಬೈಯೋಕಾದ್ರೂ ಮಾಡ್ಬೋದಿತ್ತು.”

ಪ್ರೆಸ್ಸನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಆತನ ಕಾರಿನ ಡಿಕ್ಕಿಗೆ ಏರಿಸಿದೆವು. ಆ ವರ್ಷವೇ ಮನೆ ಮಾರಿ ಅಕ್ಕ ಒಶಾವಾಕ್ಕೆ ಹೋದರು. ಈಗ ಪಕ್ಕದ ಆ ಮನೆಯಲ್ಲಿರುವವರು ಒಳ್ಳೆಯ ಜನ. ಗ್ಯಾರೇಜಿನಲ್ಲಿ ಸೈಕಲ್ಲುಗಳಿವೆ, ಬಾಗಿಲು ದಿನವಿಡೀ ತೆರೆದಿರುತ್ತದೆ. ಯಜಮಾನರ ಜೊತೆ ಒಂದು ಮಾತು ಬಾಕಿ ಉಳಿಯಿತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ತಂಬಿಗೆ ತಿಕ್ಕಿದ ಆ ಶನಿವಾರವೇ ಮಧ್ಯಾಹ್ನ ಊಟವಾದ ಮೇಲೆ ಒಶಾವಾಕ್ಕೆ ಫೋನ್ ಮಾಡಿದೆ. ಭಾಮೈದನೇ ಎತ್ತಿದರು. ಅಕ್ಕ ಚೆನ್ನಾಗಿದ್ದಾರಂತೆ. ಕ್ಲಬ್ಬಿಗೆ ಹೋಗುತ್ತೀರಾ ಎಂದು ಕೇಳಿದೆ. ಪ್ರೆಸ್ಸು ಕಂಬಳಿಯಲ್ಲಿ ಸುತ್ತಿದ್ದು ಹಾಗೇ ಇದೆ ಎಂದರು.

“ಯಾರ ಜೊತೆ ಹೋಗೋದು, ನೀವೇ ಹೇಳಿ?”

ಫೋನ್ ಇಟ್ಟೆವು. ಆಮೇಲೆ ನಾನು ಹಿತ್ತಲಿಗೆ ಹೋಗಿ ಮೇಪಲ್ ಎಲೆಗಳನ್ನು ಗುಡಿಸಿದೆ. ಕಾಗದದ ಚೀಲಗಳಿಗೆ ತುಂಬಿ, ಬಾಯಿ ಮಡಿಚಿ, ಕಸದ ಗಾಡಿಗೆಂದು ರಸ್ತೆಯಂಚಿಗೆ ತಂದು ಸಾಲಾಗಿ ನಿಲ್ಲಿಸಿದೆ. ಕತ್ತಲಾಗುವ ಮೊದಲೇ ಕೆಲಸ ಮುಗಿಯಿತು.