ಕೊನೆಗೆ ಸಿಕ್ಕಿಸಿದ ಷರತ್ತು

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಎಲ್ಲರೂ ಅವಳನ್ನು ಚುಟುಕಮ್ಮ ಅಂತಲೇ ಕರೆಯುತ್ತಿದ್ದರು. ಬೇರೆಯವರು ಪುಟಗಟ್ಟಲೆ ಬರೆಯುವ ಪ್ರೋಗ್ರಾಮನ್ನು ನಾಲ್ಕು ಸಾಲಿಗೆ ಇಳಿಸುವುದು ಅವಳ ಚಟ, ಇಳಿಸಿ ಬೀಗುವುದು ಅದಕ್ಕಿಂತ ದೊಡ್ಡ ಚಟ. ತಾಯಿಯಿಲ್ಲದ ಅವಳನ್ನು ಸಾಕಿದ ಚಿಕ್ಕಮ್ಮನಿಗೆ ಅದೇ ಹೆಮ್ಮೆ. ಆ ಚಿಕ್ಕಮ್ಮನೇ ಈಗ ಮೇಲಿನ ವಾರ್ಡಿನಲ್ಲಿ ಮಲಗಿದ್ದಳು. ಪಿತ್ತಕೋಶದ ಆಪರೇಷನ್ನು, ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಇರಬೇಕು.

ಯಾವ ಮಂಚಕ್ಕೆ ಯಾವ ತಿಂಡಿ ಅಂತ ಚೀಟಿ ಮುದ್ರಿಸಿ ಅಡುಗೆಮನೆಗೆ ಕಳಿಸುವುದು ಚುಟುಕಮ್ಮನ ಪ್ರೋಗ್ರಾಮು. ಹಳೆಯದು ಉದ್ದವಿದ್ದರೂ ಓದಿದವರಿಗೆ ತಿಳಿಯುತ್ತಿತ್ತು: ರೋಗಿ ಉಪವಾಸ ಇರಬೇಕಾದರೆ ‘ಏನೂ ಕೊಡಬೇಡಿ’, ಇಲ್ಲದಿದ್ದರೆ ಅವರವರ ತಿಂಡಿ. ಪಕ್ಕದ ಮೇಜಿನವನು ಅದನ್ನು ನೋಡಿ, ಇದೇನು ಪುರಾಣ ಬಿಚ್ಚಿದ್ದೀಯ ಅಂತ ಹಿಂದಿನ ದಿನ ಕಿಚಾಯಿಸಿದ್ದ. ಕೆಣಕಿಸಿಕೊಂಡು ಸುಮ್ಮನಿರುವ ಜಾಯಮಾನ ಅವಳದಲ್ಲ. ಇಡೀ ಪಟ್ಟಿಯ ಕೆಲಸವನ್ನು ಒಂದೇ ಸಾಲಿಗೆ ತಂದು, ‘ಉಪವಾಸ ಇಲ್ಲದಿದ್ದರೆ’ ಎನ್ನುವ ಷರತ್ತನ್ನು ಸಾಲಿನ ಕೊನೆಗೆ ಸಿಕ್ಕಿಸಿ, ಮೀಸೆ ಇಲ್ಲದಿದ್ದರೂ ಮೀಸೆ ತಿರುವುತ್ತಾ ಮನೆಗೆ ಹೋಗಿದ್ದಳು.

ಬೆಳಿಗ್ಗೆ ಅಡುಗೆಯವರ ಫೋನು ಬಂತು. ಕೊನೆಯ ಮಂಚಕ್ಕೆ ಚೀಟಿಯೇ ಬಂದಿಲ್ಲವಂತೆ, ಅಲ್ಲಿನ ಅಜ್ಜ ಹಸಿವಿನಿಂದ ಕೂಗಾಡುತ್ತಿದ್ದಾರಂತೆ.

ಫೋನಿಟ್ಟು ತನ್ನ ಸಾಲನ್ನು ತಾನೇ ಓದಿದವಳಿಗೆ ಎಡವಟ್ಟು ಕಂಡಿತು. ಷರತ್ತು ಮುಂದಿದ್ದರೆ ಪ್ರತಿಯೊಬ್ಬರಿಗೂ ಒಂದು ಉತ್ತರ ಇರುತ್ತದೆ, ಇದೋ ಅದೋ. ಕೊನೆಯಲ್ಲಿದ್ದರೆ ಅದು ಜರಡಿ. ಷರತ್ತಿಗೆ ಹೊಂದದವರು ಪಟ್ಟಿಯಿಂದಲೇ ಉದುರುತ್ತಾರೆ. ಇವತ್ತು ಉಪವಾಸ ಇರಬೇಕಾದವಳು ಚಿಕ್ಕಮ್ಮ ಒಬ್ಬಳೇ. ಅವಳು ಉದುರಿದ್ದಳು, ಉಳಿದ ಚೀಟಿಗಳಿಗೆ ಮಂಚದ ನಂಬರು ಸಾಲಾಗಿ ಬೀಳುವುದರಿಂದ ಅವಳ ಹಿಂದಿದ್ದವರ ತಿಂಡಿಯೆಲ್ಲ ಒಂದೊಂದು ಮಂಚ ಮುಂದೆ ಸರಿದಿತ್ತು. ಅಂದರೆ ಪಕ್ಕದ ಮಂಚದ ಹಾಲು, ಬ್ರೆಡ್ಡು ಚಿಕ್ಕಮ್ಮನ ಮುಂದೆ ಹೋಗಿತ್ತು. ತಿಂದ ಹೊಟ್ಟೆಗೆ ಅರಿವಳಿಕೆ ಕೊಟ್ಟರೆ ತಿಂದದ್ದು ಮೇಲೆ ಬಂದು ಉಸಿರು ಕಟ್ಟಬಹುದು, ಜೀವವೇ ಹೋಗಬಹುದು.

ವಾರ್ಡಿಗೆ ಫೋನು ಮಾಡಿದರೆ, ಈಗಷ್ಟೇ ಥಿಯೇಟರಿಗೆ ಕರೆದುಕೊಂಡು ಹೋದರು ಅಂದರು. ಲಿಫ್ಟು ಕಾಯುವಷ್ಟು ಧೈರ್ಯ ಅವಳಿಗಿರಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. ಇಷ್ಟು ಹೆದರಿಕೆ ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಥಿಯೇಟರಿನ ಬಾಗಿಲಲ್ಲಿ ತಡೆದ ಅಟೆಂಡರನ್ನು ತಳ್ಳಿಕೊಂಡೇ ಒಳಗೆ ನುಗ್ಗಿದಳು. ಅರಿವಳಿಕೆಯ ಡಾಕ್ಟರು ಸಿರಿಂಜು ಕೈಗೆತ್ತಿಕೊಂಡಿದ್ದರು.

“ನಿಲ್ಸಿ ಡಾಕ್ಟ್ರೇ, ಅವ್ರು ತಿಂದಿದ್ದಾರೆ. ಚೀಟಿ ತಪ್ಪಾಗಿ ಹೋಗಿದೆ. ತಪ್ಪು ನಂದು.”

ಡಾಕ್ಟರು ರೋಗಿಯ ಕಡೆ ತಿರುಗಿದರು. ಆಗಲೇ ಕೇಳಿದ್ದೆ, ಏನೂ ತಿಂದಿಲ್ಲ ಅಂದಿರಲ್ಲ ಅಂದರು. ಚಿಕ್ಕಮ್ಮ ಎರಡು ತುಂಡು ಬ್ರೆಡ್ಡು ತಿಂದದ್ದನ್ನು, ಹಾಲು ಕುಡಿದದ್ದನ್ನು ಒಪ್ಪಿಕೊಂಡಳು. ಡಾಕ್ಟರು ಸಿರಿಂಜು ಕೆಳಗಿಟ್ಟು ಆಪರೇಷನ್ನು ಮುಂದಕ್ಕೆ ಹಾಕಿದರು.

ಸ್ಟ್ರೆಚರು ಹೊರಗೆ ಬಂದಾಗ ಚುಟುಕಮ್ಮ ಬಾಗಿಲಲ್ಲೇ ನಿಂತಿದ್ದಳು. ತಿನ್ನಬೇಡ ಅಂತ ನರ್ಸು ಅಷ್ಟು ಹೇಳಿದ್ದರೂ ಯಾಕೆ ತಿಂದೆ ಅಂತ ಕೇಳಿದಳು.

“ಹೇಳಿದ್ರು ಕಣೇ. ಆಮೇಲೆ ಚೀಟಿ ಬಂತಲ್ಲ, ನನ್ನ ಮಂಚದ ನಂಬರೇ ಇತ್ತು. ನೀನು ಮಾಡಿದ್ದು ತಪ್ಪಿರಲ್ಲ, ಆ ನರ್ಸಮ್ಮಂಗೇ ಗೊತ್ತಿಲ್ಲ ಅಂದ್ಕೊಂಡೆ. ಪಾಪ, ಅವಳಿಗೆ ಬೈಗುಳ ಬೀಳೋದು ಬೇಡ ಅಂತ ತಿಂದಿಲ್ಲ ಅಂದ್ಬಿಟ್ಟೆ.”

ಚುಟುಕಮ್ಮ ಸ್ಟ್ರೆಚರಿನ ಅಂಚು ಹಿಡಿದು ವಾರ್ಡಿನ ಕಡೆ ನಡೆದಳು.