ಒಲೆಗೇರದ ಎಡೆ

ಮನುಷ್ಯನು ಬೆಂಕಿಯನ್ನು ಕಂಡುಕೊಂಡ ದಿನವೇ ನಾಗರಿಕನಾದನೆಂದು ತಿಳಿದವರು ಹೇಳುತ್ತಾರೆ. ಶಿಂಷಾ ದಂಡೆಯ ನಮ್ಮ ಮನೆಯವರು ಆ ಪದವಿಗೆ ಫ್ರಿಜ್ ಬರುವ ತನಕ ಕಾದರು. ಈಗಲೂ ಮದ್ದೂರು ಬಸ್‌ಸ್ಟ್ಯಾಂಡಿನ ಹತ್ತಿರ ಹುರಿದ ಕೊತ್ತಂಬರಿ ಬೀಜದ, ಸುಟ್ಟ ಈರುಳ್ಳಿಯ ವಾಸನೆ ಬಂದರೆ ನನ್ನ ಕಾಲು ನಿಂತುಬಿಡುತ್ತದೆ. ಹಿತ್ತಿಲ ಮೂರು ಕಲ್ಲಿನ ಒಲೆಯ ಮುಂದೆ ಅಜ್ಜಿ ಕುಕ್ಕರುಗಾಲಿನಲ್ಲಿ ಕೂತು, ನಾಟಿಕೋಳಿ ಸಾರಿನ ಮಡಕೆಯನ್ನು ಕಳ್ಳನನ್ನು ಕಾಯುವ ಹಾಗೆ ಕಾಯುತ್ತಿದ್ದಳು. ಕೋಳಿಯ ವಿಷಯದಲ್ಲಿ ಆಕೆ ಯಾರನ್ನೂ ನಂಬಿದವಳಲ್ಲ. ಅದನ್ನು ಕೊಯ್ದ ಮಣೆಯನ್ನು ಬೂದಿಯಲ್ಲಿ ಉಜ್ಜಿ ಬಿಸಿನೀರು ಸುರಿಯುವವರೆಗೆ ಸೊಪ್ಪು ತರಕಾರಿ ಅದರ ಹತ್ತಿರ ಸುಳಿಯುವಂತಿರಲಿಲ್ಲ. ಮಿಕ್ಕ ಸಾರು ದೀಪ ಹಚ್ಚುವ ಹೊತ್ತಿಗೊಮ್ಮೆ, ಬೆಳಗ್ಗೆ ಎದ್ದ ಕೂಡಲೇ ಇನ್ನೊಮ್ಮೆ ಒಲೆಗೆ ಏರಲೇಬೇಕು. "ಬೆಚ್ಚಗಾದ್ರೆ ಸಾಲ್ದು ಕಣಮ್ಮ, ತಳದಿಂದ ಗುಳ್ಳೆ ಏಳೋಗಂಟ ಕುದೀಲಿ ಬುಡು" ಎಂದು ನಮ್ಮಮ್ಮನಿಗೆ ಆಜ್ಞೆಯಾಗುತ್ತಿತ್ತು.

ಈ ಶಾಸನಕ್ಕೆ ಇದ್ದದ್ದು ಒಂದೇ ವಿನಾಯಿತಿ, ಮಾರ್ನಮಿ ಹಬ್ಬದ ಎಡೆ. ತೀರಿಕೊಂಡ ಹಿರಿಯರಿಗೆಂದು ಎಲೆಯಲ್ಲಿ ಮುದ್ದೆ, ಕೋಳಿ ಸಾರು ಬಡಿಸಿ ಬಾಗಿಲು ಮುಚ್ಚಿದರೆ ಅವರು ಬಂದು ಉಂಡು ಹೋಗುತ್ತಾರೆ. ಅವರು ಉಂಡದ್ದನ್ನು ಮತ್ತೆ ಬೆಂಕಿಗೆ ಒಡ್ಡಬಾರದು. ಬಾಗಿಲು ತೆರೆದ ಕೂಡಲೇ ನಾವು ಹಂಚಿಕೊಂಡು ಮುಗಿಸುತ್ತಿದ್ದುದರಿಂದ ಯಾರಿಗೂ ಏನೂ ಆಗಿರಲಿಲ್ಲ. ಫ್ರಿಜ್ ಬಂದ ವರ್ಷ ಚಿಕ್ಕಪ್ಪನಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ನಾಳೆ ಬರುವ ಮಗನಿಗೆಂದು ಅಜ್ಜಿ ಎಡೆಯ ಸಾರನ್ನು ಬಟ್ಟಲಿನಲ್ಲಿ ಫ್ರಿಜ್ಜಿನೊಳಗಿಟ್ಟಳು. ರಾತ್ರಿಯಿಡೀ ಕರೆಂಟಿರಲಿಲ್ಲ. ಬೆಳಗ್ಗೆ ಬಂತು. ಮಧ್ಯಾಹ್ನ ಚಿಕ್ಕಪ್ಪ ಬಂದಾಗ ಬಟ್ಟಲು ಏನೂ ನಡೆದೇ ಇಲ್ಲವೆಂಬಂತೆ ತಣ್ಣಗೆ ಕೂತಿತ್ತು.

"ರಾತ್ರೆಲ್ಲ ಕರೆಂಟಿರ್ನಿಲ್ಲ ಕಣತ್ತೆ, ಒಂದ್ಸಲ ಕುದಿಸ್ಲಾ?" ಎಂದಳು ಅಮ್ಮ.

"ಇರೀಕ್ರು ಉಂಡಿದ್ದ ಒಲೆಗಿಕ್ತಾರೇನಮ್ಮಿ? ಮುಟ್ನೋಡು, ಐಸಿದ್ದಂಗೈತೆ" ಎಂದಳು ಅಜ್ಜಿ.

"ಅಪ್ಪ ಬದ್ಕಿದ್ದಾಗ್ಲೂ ನಂಗೆ ಬುಟ್ಟಿದ್ದು ಎಂಜಲ್ನೇ, ಇಕ್ಕವ್ವ" ಎಂದು ನಕ್ಕ ಚಿಕ್ಕಪ್ಪ ಎರಡು ತುತ್ತಿಗೇ ಕೈ ತಡೆದ. "ಯಾಕೋ ವಾಸ್ನೆ ಒಂಥರಾ ಐತೆ ಕಣವ್ವ."

ಎಡೆಯನ್ನು ಚೆಲ್ಲುವುದುಂಟೇ? ಮಿಕ್ಕದ್ದನ್ನೆಲ್ಲ ಅಜ್ಜಿ ತಾನೇ ಉಂಡಳು.

ಸಂಜೆಯೊಳಗೆ ಇಬ್ಬರೂ ನೆಲ ಹಿಡಿದರು. ವಾಂತಿ ನಿಲ್ಲದೆ, ಇಬ್ಬರನ್ನೂ ಮಂಡ್ಯದ ಆಸ್ಪತ್ರೆಗೆ ಸಾಗಿಸಿದರು. ಚಿಕ್ಕಪ್ಪ ನಡೆದುಕೊಂಡು ಮನೆಗೆ ಬಂದ. ಅಜ್ಜಿಯನ್ನು ಹೊತ್ತು ತಂದರು. ಜನ್ಮವಿಡೀ ಸಾರು ಕುದಿಸಿದವಳನ್ನು ಒಂದು ತಣ್ಣನೆಯ ಬಟ್ಟಲು ಒಯ್ದಿತೆಂಬುದು ಇಂದಿಗೂ ನನ್ನ ತಲೆಗೆ ಹತ್ತಿಲ್ಲ. ಹಬ್ಬದ ಸಡಗರದಲ್ಲಿದ್ದ ಮನೆಗೆ ಹಬ್ಬವೇ ಸಾವನ್ನು ಬಡಿಸಿತ್ತು. ಆ ಮನೆಯೂ ಈಗಿಲ್ಲ, ಹಿತ್ತಿಲ ಕಲ್ಲುಗಳೂ ಇಲ್ಲ. ಆ ವಾಸನೆ ಮಾತ್ರ ದಾರಿಯಲ್ಲಿ ಎಲ್ಲೋ ಎದುರಾಗುತ್ತದೆ.

ಮುಂದಿನ ಮಾರ್ನಮಿಗೆ ಅಜ್ಜಿಗೂ ಎಡೆ ಇಟ್ಟೆವು. ಬಾಗಿಲು ತೆರೆದ ಮೇಲೆ ಅಮ್ಮ ಯಾರನ್ನೂ ಕೇಳದೆ ಆ ಸಾರನ್ನು ಒಲೆಗೇರಿಸಿ, ತಳದಿಂದ ಗುಳ್ಳೆ ಏಳುವವರೆಗೆ ಕುದಿಸಿದಳು. ಒಲೆಯಿಂದ ಇಳಿಸಿದ ಕೂಡಲೇ ಎಲ್ಲರೂ ಕೂತು, ನಾಳೆಗೆ ಉಳಿಸದೆ ಉಂಡು ಮುಗಿಸಿದೆವು.